ಮೂರು ಭಾಷೆಯ ಸರೋಜಾದೇವಿ: ಕೋಲಾರ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ. ಈ ಕಡೆ ಎಲ್ಲೇ ಹಳೆ ಸಿನಿಮಾ ಮಾತು ಬಂದರೂ ಬಿ. ಸರೋಜಾದೇವಿ ಹೆಸರು ಬಂದೇ ಬರುತ್ತದೆ. 2025ರ ಜುಲೈನಲ್ಲಿ ಅವರು ತೀರಿಕೊಂಡ ಮೇಲಂತೂ ಪ್ರಶ್ನೆಗಳು ಜಾಸ್ತಿಯಾದವು. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪರಿಚಯ

ನಾನು ಈಗಿನ ಹುಡುಗಿ. ಸರೋಜಾದೇವಿ ಅಂದ್ರೆ ಯಾರು, ಚಿಕ್ಕದಾಗಿ ಹೇಳ್ತೀರಾ?

1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟಿದವರು. 1955ರಲ್ಲಿ 'ಮಹಾಕವಿ ಕಾಳಿದಾಸ' ಎಂಬ ಕನ್ನಡ ಚಿತ್ರದಿಂದ ಸಿನಿಮಾಗೆ ಬಂದರು. ಆಗ ಅವರಿಗೆ 17 ವರ್ಷ. ಮುಂದೆ ಕನ್ನಡ, ತಮಿಳು, ತೆಲುಗು, ಹಿಂದಿ ಸೇರಿ ಸುಮಾರು 200 ಚಿತ್ರಗಳಲ್ಲಿ ನಟಿಸಿದರು. ರಾಜ್‌ಕುಮಾರ್, ಎಂ.ಜಿ.ಆರ್., ಶಿವಾಜಿ ಗಣೇಶನ್, ಎನ್.ಟಿ.ಆರ್., ಅಕ್ಕಿನೇನಿ ನಾಗೇಶ್ವರರಾವ್, ದಿಲೀಪ್ ಕುಮಾರ್, ಶಮ್ಮಿ ಕಪೂರ್ ಇವರೆಲ್ಲರ ಜೊತೆ ತೆರೆ ಹಂಚಿಕೊಂಡ ನಟಿ. ಕನ್ನಡಿಗರು ಅವರನ್ನು 'ಅಭಿನಯ ಸರಸ್ವತಿ' ಎಂದು ಕರೆದರು.

ಅವ್ರು ತಮಿಳಿನವರು ಅಲ್ವಾ? ಕೆಜಿಎಫ್‌ನಲ್ಲಿ ಎಲ್ಲರೂ ಹಾಗೇ ಹೇಳ್ತಾರೆ

ಅಲ್ಲ, ಅಪ್ಪಟ ಕನ್ನಡದವರು. ಚನ್ನಪಟ್ಟಣ ತಾಲ್ಲೂಕಿನ ದಶವಾರ ಅವರ ಮನೆತನದ ಊರು. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದರು. ತಾಯಿ ರುದ್ರಮ್ಮ.

ಆದರೂ ಕೆಜಿಎಫ್‌ನವರು ಹಾಗೆ ಅಂದುಕೊಳ್ಳುವುದಕ್ಕೆ ಕಾರಣ ಇದೆ. ಗಣಿ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು ಅವರನ್ನು ನೋಡಿದ್ದು ಎಂ.ಜಿ.ಆರ್. ಪಕ್ಕದಲ್ಲಿ. ತಮಿಳು ಮಾತಾಡುತ್ತಾ, ತಮಿಳು ಹಾಡಿಗೆ ಹೆಜ್ಜೆ ಹಾಕುತ್ತಾ ಇದ್ದವರನ್ನು ತಮ್ಮವರು ಎಂದುಕೊಂಡರು. ಹಾಗಂತ ತಮಿಳುನಾಡಿನವರಿಗೆ ಅವರ ಊರು ಗೊತ್ತಿಲ್ಲದೆ ಇರಲಿಲ್ಲ. ಅಲ್ಲಿಯ ಅಭಿಮಾನಿಗಳೇ ಅವರಿಗೆ 'ಕನ್ನಡತ್ತು ಪೈಂಗಿಳಿ' ಎಂದು ಹೆಸರಿಟ್ಟು ಕರೆದರು. ಕನ್ನಡನಾಡಿನ ಗಿಳಿ ಎಂದು ಗೊತ್ತಿದ್ದೇ ಮನೆಮಗಳ ಹಾಗೆ ನೋಡಿಕೊಂಡರು.

ಕೋಲಾರಕ್ಕೂ ಅವರಿಗೂ ಏನು ಸಂಬಂಧ? ನೀವ್ಯಾಕೆ ಇಷ್ಟೊಂದು ತಲೆ ಕೆಡಿಸಿಕೊಳ್ತೀರಿ?

ಅವರು ಇಲ್ಲಿ ಹುಟ್ಟಿದವರಲ್ಲ, ಬೆಳೆದವರಲ್ಲ. ಸಂಬಂಧ ಇರುವುದು ನೋಡಿದವರ ಕಡೆಯಿಂದ.

ಕನ್ನಡ ಸಿನಿಮಾ ಮಾತ್ರ ನೋಡಿದವರಿಗೆ ಸರೋಜಾದೇವಿ ಎಂದರೆ ಕಿತ್ತೂರು ಚೆನ್ನಮ್ಮ. ತಮಿಳು ಮಾತ್ರ ನೋಡಿದವರಿಗೆ ಅವರು ಎಂ.ಜಿ.ಆರ್. ನಾಯಕಿ. ತೆಲುಗಿನವರಿಗೆ ಎನ್.ಟಿ.ಆರ್. ಜೊತೆಯ ದೇವಕನ್ಯೆ. ಒಬ್ಬೊಬ್ಬರಿಗೂ ಅವರ ಒಂದು ಪಾಲು ಮಾತ್ರ ಸಿಕ್ಕಿದೆ. ಆದರೆ ಕೋಲಾರ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್ ಸಂತೆಗೆ ಹೋದರೆ ತಮಿಳು ಎನ್ನುವ ಬದುಕು ಮೊದಲಿನಿಂದಲೂ ಇದೆ. ಊರಿಗೆ ಟೆಂಟ್ ಸಿನಿಮಾ ಬಂದರೆ ಈ ವಾರ ಕನ್ನಡ, ಮುಂದಿನ ವಾರ ತೆಲುಗು. ನೆಲದ ಟಿಕೆಟ್ ತೆಗೆದುಕೊಂಡು ಕೂತ ಹೆಂಗಸರು ಭಾಷೆ ಲೆಕ್ಕ ಹಾಕುತ್ತಿರಲಿಲ್ಲ, ಸರೋಜಾದೇವಿ ಇದ್ದಾರಾ ಎಂದು ಕೇಳುತ್ತಿದ್ದರು. ಅವರನ್ನು ಇಡಿಯಾಗಿ ನೋಡಿದ ಜನ ನಮ್ಮ ಕಡೆ ಇದ್ದಾರೆ. ಆ ಜನ ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ನಾನು ತಲೆ ಕೆಡಿಸಿಕೊಳ್ಳುವುದು ಅದಕ್ಕೆ.

ಸಿನಿಮಾಗೆ ಬಂದದ್ದು ಹೇಗೆ? ಮನೆಯವರು ಒಪ್ಪಿದ್ರಾ?

ಸಾಮಾನ್ಯವಾಗಿ ಆ ಕಾಲದ ನಟಿಯರ ಕಥೆಯಲ್ಲಿ ತಂದೆ ಅಡ್ಡ ನಿಲ್ಲುತ್ತಾರೆ. ಇಲ್ಲಿ ತಂದೆಯೇ ಮುಂದೆ ನಿಂತು ಕರೆದುಕೊಂಡು ಹೋದರು. ಮಗಳಿಗೆ ನೃತ್ಯ ಕಲಿಸಬೇಕು ಎಂದು ಹಟ ಹಿಡಿದವರು ಭೈರಪ್ಪ. ಮಗಳ ಜೊತೆ ಸ್ಟುಡಿಯೋಗೆ ಹೋಗಿ, ತಾವೇ ಕೂತು ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು. ಕುಣಿದು ಕಾಲು ಊದಿಕೊಂಡರೆ ತಾವೇ ಒತ್ತುತ್ತಿದ್ದರು. 1950ರ ದಶಕದ ಒಬ್ಬ ಪೊಲೀಸ್ ನೌಕರ, ನಾಲ್ಕನೇ ಹೆಣ್ಣುಮಗು, ಜನ ಏನಂತಾರೋ ಎನ್ನುವ ಕಾಲ. ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ಗೆಜ್ಜೆ ಕಟ್ಟುವ ಕೈಗಳನ್ನು ನೆನೆಯಿರಿ.

ಅವರನ್ನು ಮೊದಲು ಗುರುತಿಸಿದವರು ಹೊನ್ನಪ್ಪ ಭಾಗವತರ್. ಹದಿಮೂರರ ಹುಡುಗಿ ಒಂದು ಸಮಾರಂಭದಲ್ಲಿ ಹಾಡಿದ್ದು ಅವರ ಕಣ್ಣಿಗೆ ಬಿತ್ತು. ಕೆಲವು ವರ್ಷದ ನಂತರ ತಾವೇ ನಿರ್ಮಿಸಿ ನಟಿಸಿದ 'ಮಹಾಕವಿ ಕಾಳಿದಾಸ'ದಲ್ಲಿ ಅವಕಾಶ ಕೊಟ್ಟರು. ನಿರ್ದೇಶಕರು ಕು.ರಾ. ಸೀತಾರಾಮಶಾಸ್ತ್ರಿ. ಆ ಚಿತ್ರಕ್ಕೆ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಮನ್ನಣೆಯೂ ಸಿಕ್ಕಿತು.

ಇ.ವಿ. ಸರೋಜಾ ಅಂತ ಒಬ್ಬರಿದ್ದರಲ್ಲ, ಅವರೂ ಇವರೂ ಒಬ್ಬರೇನಾ?

ಬೇರೆ ಬೇರೆ. ಇ.ವಿ. ಸರೋಜಾ ಅದೇ ಕಾಲದ ತಮಿಳು ನಟಿ, ಒಳ್ಳೆಯ ನರ್ತಕಿ. ಹಳೆ ಹಾಡಿನ ಪಟ್ಟಿಗಳಲ್ಲಿ ಇಬ್ಬರ ಹೆಸರೂ ಕಲಸಿಹೋಗಿರುತ್ತದೆ. ಮುಂದಿನ ಅಕ್ಷರ ನೋಡಿಕೊಳ್ಳಿ, ನಮ್ಮವರು 'ಬಿ.'

## ಮದ್ರಾಸಿನ ವರ್ಷಗಳು

ಕನ್ನಡದವರಾಗಿ ಮದ್ರಾಸಿಗೆ ಯಾಕೆ ಹೋದ್ರು? ಇಲ್ಲೇ ಇರಬಹುದಿತ್ತಲ್ಲ?

ಇಲ್ಲೇ ಇರುವುದು ಎಂದರೆ ಕೆಲಸ ಇಲ್ಲದೆ ಇರುವುದು ಎಂದಾಗುತ್ತಿತ್ತು. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಅವೂ ಬಹುಪಾಲು ತಯಾರಾಗುತ್ತಿದ್ದದ್ದು ಮದ್ರಾಸಿನಲ್ಲೇ. ಎವಿಎಂ, ವಿಜಯಾ-ವಾಹಿನಿ, ಜೆಮಿನಿ, ವಿಕ್ರಂ ಹೀಗೆ ದೊಡ್ಡ ಸ್ಟುಡಿಯೋಗಳು, ಲ್ಯಾಬ್, ಹಾಡಿನ ರೆಕಾರ್ಡಿಂಗ್ ಎಲ್ಲ ಅಲ್ಲಿತ್ತು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಇವರೂ ಮದ್ರಾಸಿನಲ್ಲೇ ಮನೆ ಮಾಡಿದ್ದರು. ಕನ್ನಡ ಬಿಟ್ಟು ಹೋದರು ಎಂದು ಸರೋಜಾದೇವಿ ಒಬ್ಬರನ್ನೇ ದೂರುವುದು ಸರಿಯಲ್ಲ. ಕನ್ನಡ ಚಿತ್ರರಂಗದ ವಿಳಾಸವೇ ಆಗ ಮದ್ರಾಸು.

ಇನ್ನೊಂದು ಮಾತು. ತಮಿಳಿನಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದ 1958ರಿಂದ 1964ರ ನಡುವೆಯೇ 'ಸ್ಕೂಲ್ ಮಾಸ್ಟರ್', 'ಅಣ್ಣ ತಂಗಿ', 'ಜಗಜ್ಯೋತಿ ಬಸವೇಶ್ವರ', 'ಕಿತ್ತೂರು ಚೆನ್ನಮ್ಮ', 'ದೇವಸುಂದರಿ', 'ಅಮರಶಿಲ್ಪಿ ಜಕಣಾಚಾರಿ' ಬಂದಿವೆ. ಬಿಟ್ಟುಹೋದವರ ಪಟ್ಟಿ ಹೀಗಿರುವುದಿಲ್ಲ.

ಎಂ.ಜಿ.ಆರ್. ಜೊತೆ ಎಷ್ಟು ಸಿನಿಮಾ ಮಾಡಿದ್ರು? ಆಮೇಲೆ ಯಾಕೆ ನಿಂತುಹೋಯ್ತು?

ಒಟ್ಟು 26. ಮೊದಲನೆಯದು 1958ರ 'ನಾಡೋಡಿ ಮನ್ನನ್'. ಎಂ.ಜಿ.ಆರ್. ಮೊದಲ ಸಲ ನಿರ್ದೇಶನ ಮಾಡಿದ ಚಿತ್ರ. ಅದರ ಮೊದಲರ್ಧದ ನಾಯಕಿ ಭಾನುಮತಿ. ದ್ವಿತೀಯಾರ್ಧದಲ್ಲಿ ಸರೋಜಾದೇವಿ ಬರುತ್ತಾರೆ, ಅಲ್ಲಿಗೆ ಚಿತ್ರಕ್ಕೆ ಬಣ್ಣವೂ ಬರುತ್ತದೆ. ಅಷ್ಟು ಹೊತ್ತು ಕಪ್ಪು ಬಿಳುಪು ನೋಡುತ್ತಾ ಕೂತ ಜನಕ್ಕೆ ಬಣ್ಣವೂ ಹೊಸ ನಾಯಕಿಯೂ ಒಟ್ಟಿಗೆ ಕಂಡರು. ಒಬ್ಬ ನಟಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುವುದು ಕಷ್ಟ.

'ಪಡಗೋಟ್ಟಿ' (1964), 'ಎಂಗ ವೀಟ್ಟು ಪಿಳ್ಳೈ' (1965), 'ಅನ್ಬೇ ವಾ' (1966) ಈ ಜೋಡಿಯ ದೊಡ್ಡ ಗೆಲುವುಗಳು. 'ಅನ್ಬೇ ವಾ' ಎವಿಎಂ ಸಂಸ್ಥೆಯ ಮೊದಲ ವರ್ಣಚಿತ್ರ. ಶಿಮ್ಲಾದ ದೃಶ್ಯಗಳು ಅದರಲ್ಲಿವೆ.

ನಿಂತದ್ದು 1967ರಲ್ಲಿ. ಆ ಜನವರಿಯಲ್ಲಿ ತಮಿಳು ನಟ ಎಂ.ಆರ್. ರಾಧಾ ಹಾರಿಸಿದ ಗುಂಡಿನಿಂದ ಎಂ.ಜಿ.ಆರ್. ಆಸ್ಪತ್ರೆ ಸೇರಿದರು. ಮಾರ್ಚ್ 1ರಂದು ಸರೋಜಾದೇವಿ ಮದುವೆಯಾಯಿತು. ಅದೇ ವರ್ಷ ಬಂದ 'ಅರಸ ಕಟ್ಟಳೈ' ಇಬ್ಬರೂ ಜೊತೆಯಾಗಿ ನಟಿಸಿದ ಕೊನೆಯ ಚಿತ್ರ. ಜಗಳದ ಕಥೆಗಳನ್ನು ಹುಡುಕುವುದಕ್ಕಿಂತ ಈ ತಾರೀಖುಗಳನ್ನು ಒಟ್ಟಿಗಿಟ್ಟು ನೋಡಿದರೆ ವಿಷಯ ತಿಳಿಯುತ್ತದೆ.

ಮುಳಬಾಗಿಲು ಕಡೆ ನಮ್ಮ ತಾತ ಅವರನ್ನ ತೆಲುಗು ಹೀರೋಯಿನ್ ಅಂತಾನೇ ಹೇಳ್ತಿದ್ರು. ತೆಲುಗಿನಲ್ಲಿ ಏನೇನು ಮಾಡಿದ್ದಾರೆ?

ತಾತ ಹೇಳಿದ್ದರಲ್ಲಿ ಆಶ್ಚರ್ಯ ಇಲ್ಲ. 1957ರ 'ಪಾಂಡುರಂಗ ಮಹಾತ್ಮ್ಯಂ' ಅವರನ್ನು ತೆಲುಗಿಗೆ ತಂದಿತು, ಎನ್.ಟಿ.ಆರ್. ನಾಯಕ. 1961ರಲ್ಲಿ ಎರಡು ಮುಖ್ಯ ಚಿತ್ರಗಳು ಬಂದವು. ಎನ್.ಟಿ.ಆರ್. ನಿರ್ದೇಶನಕ್ಕೆ ಕೈ ಹಾಕಿದ ಮೊದಲ ಚಿತ್ರ 'ಸೀತಾರಾಮ ಕಲ್ಯಾಣಂ'. ಅದರಲ್ಲಿ ಅವರೇ ರಾವಣ, ಸರೋಜಾದೇವಿ ಮಂಡೋದರಿ. ಇನ್ನೊಂದು 'ಜಗದೇಕವೀರುನಿ ಕಥಾ', ಅದರಲ್ಲಿ ಇಂದ್ರನ ಮಗಳು. 1963ರ 'ಶ್ರೀಕೃಷ್ಣಾರ್ಜುನ ಯುದ್ಧಂ'ನಲ್ಲಿ ಸುಭದ್ರೆ. ಆಂಧ್ರ ಗಡಿಯ ನಮ್ಮ ಊರುಗಳಲ್ಲಿ ಹಳಬರಿಗೆ ಪುರಾಣದ ಸರೋಜಾದೇವಿಯೇ ಜಾಸ್ತಿ ನೆನಪು.

ಹಿಂದಿಯಲ್ಲೂ ನಾಯಕಿಯಾಗಿದ್ರಂತೆ, ನಿಜನಾ?

ನಿಜ. 1959ರ 'ಪೈಗಾಮ್'ನಲ್ಲಿ ದಿಲೀಪ್ ಕುಮಾರ್, ವೈಜಯಂತಿಮಾಲಾ, ಹಿಂದಿಯ ರಾಜ್ ಕುಮಾರ್ ಜೊತೆ ನಟಿಸಿದರು. ನಮ್ಮ ಪಂಡರಿಬಾಯಿ ಕೂಡ ಅದರಲ್ಲಿದ್ದಾರೆ. 1961ರ 'ಸಸುರಾಲ್' ರಾಜೇಂದ್ರ ಕುಮಾರ್ ಜೊತೆ. ಮೊಹಮ್ಮದ್ ರಫಿಗೆ ಫಿಲಂಫೇರ್ ಪ್ರಶಸ್ತಿ ತಂದ ಹಾಡು ಇದೇ ಚಿತ್ರದ್ದು. ಶಮ್ಮಿ ಕಪೂರ್ ಜೊತೆ 'ಪ್ಯಾರ್ ಕಿಯಾ ತೋ ಡರ್ನಾ ಕ್ಯಾ' (1963), ಸುನಿಲ್ ದತ್ ಜೊತೆ 'ಬೇಟಿ ಬೇಟೆ' (1964). ಆದರೆ ಮುಂಬೈಯಲ್ಲಿ ನೆಲೆ ನಿಲ್ಲಲಿಲ್ಲ. ದಕ್ಷಿಣದಲ್ಲಿ ಮೂರು ಭಾಷೆಯ ಕೆಲಸ ಕಾಯುತ್ತಿದ್ದಾಗ ಅದರ ಅಗತ್ಯವೂ ಇರಲಿಲ್ಲ.

## ಕನ್ನಡದ ಚಿತ್ರಗಳು

'ಕಿತ್ತೂರು ಚೆನ್ನಮ್ಮ' ಅಂದ ಕೂಡಲೇ ಅವರ ಮುಖವೇ ಬರುತ್ತೆ. ಆ ಸಿನಿಮಾದಲ್ಲಿ ಅಂಥದ್ದೇನಿದೆ?

1961ರ ಚಿತ್ರ. ನಿರ್ದೇಶನ ಮತ್ತು ನಿರ್ಮಾಣ ಬಿ.ಆರ್. ಪಂತುಲು ಅವರದು. ಪಂತುಲು ನಮ್ಮ ಗಡಿ ಸೀಮೆಯ ಕಡೆಯವರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಸಲೀಸಾಗಿ ಕೆಲಸ ಮಾಡಿದವರು. ಕಿತ್ತೂರಿನ ರಾಣಿ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ಎದುರಿಸಿದ ಕಥೆ. ರಾಜಾ ಮಲ್ಲಸರ್ಜನಾಗಿ ರಾಜ್‌ಕುಮಾರ್ ಇದ್ದಾರೆ. ಆದರೆ ಚಿತ್ರ ನಡೆಯುವುದು ರಾಣಿಯ ಹೆಗಲ ಮೇಲೆ.

ಯೋಚಿಸಿ ನೋಡಿ. ಆಗ ಸರೋಜಾದೇವಿಗೆ 23 ವರ್ಷ. ತಮಿಳಿನಲ್ಲಿ ಅವರಿಗೆ ಬರುತ್ತಿದ್ದದ್ದು ತುಂಟ ಹುಡುಗಿ, ಪ್ರೇಮಿಸುವ ಹುಡುಗಿ, ತ್ಯಾಗ ಮಾಡುವ ಹುಡುಗಿಯ ಪಾತ್ರಗಳು. ಕನ್ನಡ ಅವರ ಕೈಗೆ ಕತ್ತಿ ಕೊಟ್ಟಿತು. ಗಂಡನನ್ನು ಕಳೆದುಕೊಂಡ, ದತ್ತು ಮಗನ ಹಕ್ಕಿಗಾಗಿ ಹೋರಾಡುವ, ಸೆರೆಯಲ್ಲಿ ಸಾಯುವ ಹೆಂಗಸಿನ ಪಾತ್ರ ಕೊಟ್ಟಿತು. ಕಪ್ಪ ಕೇಳಿದ ಬ್ರಿಟಿಷರಿಗೆ ಉತ್ತರ ಕೊಡುವ ದೃಶ್ಯವನ್ನು ಒಂದು ಕಾಲದಲ್ಲಿ ಶಾಲಾ ವಾರ್ಷಿಕೋತ್ಸವಗಳಲ್ಲಿ ಹುಡುಗಿಯರು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಕೋಲಾರದ ಹುಡುಗಿಗೆ ಬೆಳಗಾವಿ ಸೀಮೆಯ ರಾಣಿ ಪರಿಚಯವಾದದ್ದು ಪಾಠದ ಪುಸ್ತಕಕ್ಕಿಂತ ಹೆಚ್ಚಾಗಿ ಈ ಮುಖದಿಂದ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಎಂಬ ರಾಷ್ಟ್ರೀಯ ಗೌರವ ಇದಕ್ಕೆ ಸಂದಿತು.

ರಾಜ್‌ಕುಮಾರ್ ಜೊತೆ ಯಾವ ಯಾವ ಚಿತ್ರ?

1958ರ 'ಅಣ್ಣ ತಂಗಿ'ಯಲ್ಲಿ ಹೆಸರೇ ಹೇಳುವ ಹಾಗೆ ಒಡಹುಟ್ಟಿದವರು. ಆಮೇಲೆ 'ಕಿತ್ತೂರು ಚೆನ್ನಮ್ಮ', 'ದೇವಸುಂದರಿ', 'ಮಲ್ಲಮ್ಮನ ಪವಾಡ', 'ನ್ಯಾಯವೇ ದೇವರು', 'ಶ್ರೀ ಶ್ರೀನಿವಾಸ ಕಲ್ಯಾಣ', 'ಬಭ್ರುವಾಹನ', 'ಭಾಗ್ಯವಂತರು'. 'ಬಭ್ರುವಾಹನ'ದಲ್ಲಿ (1977) ಅವರದು ಚಿತ್ರಾಂಗದೆ. ಗಂಡ ಅರ್ಜುನ, ಮಗ ಬಭ್ರುವಾಹನ ಎರಡೂ ರಾಜ್‌ಕುಮಾರ್. 1984ರ 'ಯಾರಿವನು'ದಲ್ಲಿ ಪುಟ್ಟ ಪುನೀತ್ ಇದ್ದರು. 35 ವರ್ಷದ ನಂತರ ಅದೇ ಪುನೀತ್ ನಾಯಕರಾದ 'ನಟಸಾರ್ವಭೌಮ'ದಲ್ಲಿ ಸರೋಜಾದೇವಿ ಚಿಕ್ಕ ಪಾತ್ರ ಮಾಡಿದರು.

ಕೈದಾಳಕ್ಕೆ ಹೋದಾಗ ಜಕಣಾಚಾರಿ ಸಿನಿಮಾ ನೆನಪಾಯ್ತು. ಅದರಲ್ಲಿ ಇವರೇ ಇದ್ದದ್ದಾ?

ಹೌದು, 1964ರ 'ಅಮರಶಿಲ್ಪಿ ಜಕಣಾಚಾರಿ'. ಕಲ್ಯಾಣ್‌ಕುಮಾರ್ ಜಕಣಾಚಾರಿ, ಇವರು ಮಂಜರಿ. ಬಿ.ಎಸ್. ರಂಗಾ ನಿರ್ದೇಶಿಸಿದ ಈ ಚಿತ್ರ ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ.

ತುಮಕೂರಿನ ಪಕ್ಕದ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಇದೆ. ಕಲ್ಲಿನೊಳಗೆ ಕಪ್ಪೆ ಇದೆ ಎಂದು ಮಗ ಡಂಕಣ ತೋರಿಸಿಕೊಟ್ಟಾಗ ಜಕಣಾಚಾರಿ ತನ್ನ ಕೈ ಕತ್ತರಿಸಿಕೊಂಡ, ಮುಂದೆ ಇಲ್ಲಿ ಗುಡಿ ಕಟ್ಟಿ ಕೈ ಮರಳಿ ಪಡೆದ ಎಂಬ ಐತಿಹ್ಯ ಆ ಊರಿನದು. ಗುಡಿ ನೋಡಿ ಬಂದು ಚಿತ್ರ ನೋಡಿದರೆ, ಅಥವಾ ಚಿತ್ರ ನೋಡಿ ಗುಡಿಗೆ ಹೋದರೆ, ಎರಡೂ ಇನ್ನಷ್ಟು ಹತ್ತಿರವಾಗುತ್ತವೆ.

'ಮಲ್ಲಮ್ಮನ ಪವಾಡ' ಹಿಂದಿಯ 'ಬೇಟಾ' ಕಥೆಯ ಹಾಗೇ ಇದೆಯಲ್ಲ, ಯಾವುದು ಮೊದಲು?

ನಮ್ಮದೇ ಮೊದಲು. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ 'ಮಲ್ಲಮ್ಮನ ಪವಾಡ' ಮಾಡಿದರು. ಅದೇ ಕಥೆ ತಮಿಳಿನಲ್ಲಿ 1987ರಲ್ಲಿ 'ಎಂಗ ಚಿನ್ನ ರಾಸಾ' ಆಗಿ, ಹಿಂದಿಯಲ್ಲಿ 1992ರಲ್ಲಿ 'ಬೇಟಾ' ಆಗಿ ಬಂತು.

ಮಲತಾಯಿ ಹೇಳಿದ್ದೇ ವೇದವಾಕ್ಯ ಎಂದು ನಂಬಿದ ಮುಗ್ಧ ಗಂಡ, ಓದಿದ ಹೆಂಡತಿ. ಗಂಡನನ್ನು ಅವಮಾನಿಸದೆ, ಅತ್ತೆಯ ಆಟ ಬಯಲಿಗೆಳೆಯಬೇಕು. ಮಲ್ಲಮ್ಮನ ಸಿಟ್ಟು ಎಲ್ಲೂ ಕೂಗಾಟ ಆಗುವುದಿಲ್ಲ. ಅತ್ತೆಯ ಮುಂದೆ ತಲೆ ಬಗ್ಗಿಸಿಯೇ ನಿಂತು, ಕಣ್ಣು ಮಾತ್ರ ಒಪ್ಪದೆ ಇರುವ ಆ ನಿಲುವನ್ನು ನಮ್ಮ ಮನೆಗಳಲ್ಲಿ ಎಷ್ಟು ಸೊಸೆಯಂದಿರಲ್ಲಿ ನೋಡಿಲ್ಲ! ಮದುವೆಯ ನಂತರ ಅವರು ಮಾಡಿದ ಕನ್ನಡ ಪಾತ್ರಗಳಲ್ಲಿ ನನಗೆ ಇದೇ ಮೇಲು.

## ಮನೆ, ಮಾತು, ಮನ್ನಣೆ

ಸ್ಲೀವ್‌ಲೆಸ್ ಹಾಕಲ್ಲ ಅಂತ ಶರತ್ತು ಹಾಕಿದ್ರಂತೆ. ಅದು ಪ್ರಚಾರಕ್ಕೆ ಹೇಳಿದ್ದಾ?

ಅಲ್ಲ. ತಾಯಿ ರುದ್ರಮ್ಮ ಹಾಕಿದ ಕಟ್ಟುಪಾಡು. ತೋಳಿಲ್ಲದ ರವಿಕೆ ಬೇಡ, ಈಜುಡುಗೆ ಬೇಡ. ಸರೋಜಾದೇವಿ ಕೊನೆವರೆಗೂ ಅದನ್ನು ಮೀರಲಿಲ್ಲ. ಇದರಿಂದ ಅವರಿಗೆ ನಷ್ಟ ಆಗಲಿಲ್ಲ ಎನ್ನುವುದು ನಿಜಕ್ಕೂ ದೊಡ್ಡ ವಿಷಯ. 1960ರ ದಶಕದಲ್ಲಿ ಅವರ ಸೀರೆ, ರವಿಕೆ, ಒಡವೆ, ತುರುಬು ಎಲ್ಲವೂ ಹೆಣ್ಣುಮಕ್ಕಳಿಗೆ ಮಾದರಿಯಾದವು. ರವಿಕೆ ಹೊಲಿಯಲು ಕೊಡುವಾಗ ಸಿನಿಮಾ ಹೆಸರು ಹೇಳಿ ಅದೇ ಥರ ಬೇಕು ಎನ್ನುವ ಕಾಲ ಅದು.

ಗಂಡ ಸಿನಿಮಾದವರಾ? ಮದುವೆ ಆದ ಮೇಲೆ ನಟನೆ ಬಿಟ್ರಾ?

ಗಂಡ ಶ್ರೀಹರ್ಷ ಇಂಜಿನಿಯರ್, ಚಿತ್ರರಂಗದವರಲ್ಲ. ಮದುವೆ ನಂತರವೂ ನಟಿಸಿದರು. ಆಗಿನ ಕಾಲಕ್ಕೆ ಮದುವೆಯಾದ ನಾಯಕಿಗೆ ನಾಯಕಿ ಪಾತ್ರ ಸಿಗುವುದೇ ಅಪರೂಪ. ಇವರು 1955ರಿಂದ 1984ರವರೆಗೆ ಸತತವಾಗಿ 161 ಚಿತ್ರಗಳಲ್ಲಿ ನಾಯಕಿಯಾಗಿಯೇ ಉಳಿದರು. 1986ರಲ್ಲಿ ಶ್ರೀಹರ್ಷ ತೀರಿಕೊಂಡರು. ಆ ಪೆಟ್ಟಿನ ನಂತರ ಕೆಲಸ ಕಡಿಮೆಯಾಯಿತು. ಮುಂದೆ ಬಂದದ್ದು ಆಯ್ದ ಪಾತ್ರಗಳು ಮಾತ್ರ. ಈಗಿನವರು ನೋಡಿರಬಹುದಾದದ್ದು ಸೂರ್ಯ ನಟಿಸಿದ ತಮಿಳಿನ 'ಆದವನ್' (2009).

ಎಂ.ಜಿ.ಆರ್., ಎನ್.ಟಿ.ಆರ್., ಜಯಲಲಿತಾ ಎಲ್ಲ ಮುಖ್ಯಮಂತ್ರಿ ಆದ್ರು. ಇವರ್ಯಾಕೆ ರಾಜಕೀಯಕ್ಕೆ ಬರಲಿಲ್ಲ?

ಮನಸ್ಸು ಮಾಡಲಿಲ್ಲ, ಅಷ್ಟೆ. ಕೆಜಿಎಫ್‌ನಿಂದ ಎಂ.ಜಿ.ಆರ್. ಕಟ್ಟಿದ ಪಕ್ಷದವರೇ ಶಾಸಕರಾಗಿ ಆರಿಸಿ ಬಂದದ್ದುಂಟು. ಅಂಥ ಅಭಿಮಾನದ ನೆಲದಲ್ಲಿ ಇವರು ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು ಹಳಬರು ಇವತ್ತಿಗೂ ಲೆಕ್ಕ ಹಾಕುತ್ತಾರೆ.

ಯಾವ ಯಾವ ಪ್ರಶಸ್ತಿ ಬಂದಿವೆ?

1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ. ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ತೀರ್ಪುಗಾರರ ಮಂಡಳಿಯಲ್ಲೂ ಕೂತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವಿಷ್ಣುವರ್ಧನ್ ಮತ್ತು ಸರೋಜಾದೇವಿ ಇಬ್ಬರಿಗೂ ಮರಣೋತ್ತರವಾಗಿ ಕರ್ನಾಟಕ ರತ್ನ ಕೊಡಲು ತೀರ್ಮಾನಿಸಿತು. ಬದುಕಿದ್ದಾಗಲೇ ಕೊಡಬೇಕಿತ್ತು ಎನ್ನುವವರ ಜೊತೆ ನಾನೂ ಇದ್ದೇನೆ. 87 ವರ್ಷ ನಮ್ಮ ನಡುವೆಯೇ ಇದ್ದರು.

ಕೊನೆ ದಿನಗಳಲ್ಲಿ ಎಲ್ಲಿದ್ರು? ಅಂತ್ಯಕ್ರಿಯೆ ಮದ್ರಾಸಿನಲ್ಲಾ?

ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿದ್ದರು. 2025ರ ಜುಲೈ 14ರಂದು ಅಲ್ಲೇ ತೀರಿಕೊಂಡರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ಮರುದಿನ ದಶವಾರದಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲೇ, ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು.

## ಸ್ವಲ್ಪ ಆಳಕ್ಕೆ

ಹಾಡುಗಳನ್ನ ಅವರೇ ಹಾಡ್ತಿದ್ರಾ? ಮಾತಾದ್ರೂ ಅವರದೇನಾ?

ಹಾಡು ಹಿನ್ನೆಲೆ ಗಾಯಕಿಯರದು. ಹೆಚ್ಚಾಗಿ ಪಿ. ಸುಶೀಲಾ, ಕೆಲವು ಕಡೆ ಎಸ್. ಜಾನಕಿ. ಸುಶೀಲಾ ದನಿಯೂ ಸರೋಜಾದೇವಿ ಮುಖವೂ ಎಷ್ಟು ಹೊಂದಿಕೊಂಡಿವೆ ಎಂದರೆ, ಬರೀ ರೇಡಿಯೋದಲ್ಲಿ ಕೇಳಿದರೂ ಆ ಮುಖ ಕಾಣುತ್ತದೆ.

ಮಾತು ಅವರದೇ. ತಮಿಳು ಆಡುವಾಗ ಸ್ವಲ್ಪ ರಾಗ ಎಳೆದು, ಕೊನೆಯ ಅಕ್ಷರವನ್ನು ಮೆಲ್ಲಗೆ ಬಿಡುವ ರೀತಿ ಅವರಿಗೇ ಸ್ವಂತ. ಅದರಲ್ಲಿ ನಮ್ಮ ಕನ್ನಡದ ಎಳೆತ ಇದೆ. ಬೇರೆಯವರಿಂದ ಡಬ್ ಮಾಡಿಸಿ ಆ ಎಳೆತ ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ, ಜನ ಅದನ್ನೇ ಪ್ರೀತಿಸಿದರು.

ಟಿವಿಯ ಕಾಮಿಡಿ ಶೋಗಳಲ್ಲಿ 'ಗೋಪಾ...ಲ್' ಅಂತ ಅವರನ್ನ ಅಣಕಿಸ್ತಾರೆ. ಅವರಿಗೆ ನಟನೆ ಬರಲ್ಲ, ಸುಮ್ನೆ ಕೊಂಚಾಡ್ತಾರೆ (ಮುದ್ದುಮುದ್ದಾಗಿ ಆಡ್ತಾರೆ) ಅಂತಾರೆ ಕೆಲವರು

ಅಣಕಿಸುವವರು ಆ ಚಿತ್ರವನ್ನು ಪೂರ್ತಿ ನೋಡಿರುವುದಿಲ್ಲ ಎಂದು ನನ್ನ ಅನುಮಾನ. ಅದು 1964ರ ತಮಿಳು ಚಿತ್ರ 'ಪುದಿಯ ಪರವೈ'. ಶಿವಾಜಿ ಗಣೇಶನ್ ಪಾತ್ರದ ಹೆಸರು ಗೋಪಾಲ್. ಸರೋಜಾದೇವಿ ಲತಾ. ಹಡಗಿನಲ್ಲಿ ಭೇಟಿ, ಪ್ರೀತಿ, ಆಮೇಲೆ ಗೋಪಾಲನ ಹಿಂದಿನ ಬದುಕಿನ ನೆರಳು. ಚಿತ್ರ ನೋಡಿಲ್ಲದವರು ಮುಂದಿನ ಪ್ಯಾರಾ ಬಿಟ್ಟುಬಿಡಿ, ಕೊನೆ ಗೊತ್ತಾಗಿಬಿಡುತ್ತದೆ.

ಲತಾ ಬಂದಿರುವುದೇ ಗೋಪಾಲನ ಬಾಯಿಂದ ನಿಜ ಹೊರಡಿಸಲು. ಅವಳು ತನಿಖೆ ಮಾಡುವವಳು. ಅಂದಮೇಲೆ ಆ ಮುದ್ದು, ಆ ಎಳೆದು ಕರೆಯುವ ಹೆಸರು, ಎಲ್ಲವೂ ಲತಾ ಆಡುತ್ತಿರುವ ನಾಟಕ. ಒಬ್ಬ ನಟಿ, ನಟಿಸುತ್ತಿರುವ ಹೆಂಗಸನ್ನು ನಟಿಸಬೇಕು. ಜೊತೆಗೆ ನಡುವೆ ಎಲ್ಲೋ ಅವಳಿಗೆ ನಿಜವಾಗಿಯೂ ಪ್ರೀತಿ ಹುಟ್ಟಿದೆ ಎನ್ನುವುದೂ ಕಾಣಬೇಕು. ಎರಡನೇ ಸಲ ನೋಡುವಾಗ ಪ್ರತಿಸಲ 'ಗೋಪಾಲ್' ಎಂದು ಕರೆಯುವ ಜಾಗದಲ್ಲೂ ದನಿ ಬಿಟ್ಟು ಕಣ್ಣು ನೋಡಿ. ದನಿ ಕರೆಯುತ್ತಿರುತ್ತದೆ, ಕಣ್ಣು ಅವನನ್ನು ಅಳೆಯುತ್ತಿರುತ್ತದೆ. ಜನ ಕೊಂಚಾಟ ಎನ್ನುವುದನ್ನೇ ಅವರು ಅಲ್ಲಿ ಆಯುಧ ಮಾಡಿಕೊಂಡಿದ್ದಾರೆ.

ಇನ್ನೂ ಸಾಕ್ಷಿ ಬೇಕು ಎನ್ನುವವರು 'ಪಾಲುಂ ಪಳಮುಂ' (1961) ನೋಡಬಹುದು, ಅದರಲ್ಲಿ ನರ್ಸ್ ಶಾಂತಿಯ ಪಾತ್ರ. ಕನ್ನಡದಲ್ಲಿ ಪುಟ್ಟಣ್ಣನವರ 'ಕಥಾಸಂಗಮ'ದ (1976) 'ಅತಿಥಿ' ಕಥೆ ಇದೆ. ಅಲ್ಲಿ ರಾಗ ಎಳೆಯುವುದೇ ಇಲ್ಲ. ವಯಸ್ಸು ದಾಟುತ್ತಿರುವ ಹೆಂಗಸಿನ ಮೌನವೇ ಎಲ್ಲ ಹೇಳುತ್ತದೆ.

ಒಂದೇ ಸಿನಿಮಾ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಡಬ್ಬಿಂಗ್ ಯಾವುದು, ನಿಜದ್ದು ಯಾವುದು?

ಕೆಲವು ಸಲ ಎರಡೂ ನಿಜದ್ದೇ. ಆಗ ಒಂದೇ ಸೆಟ್ ಹಾಕಿ, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಬೇರೆ ಬೇರೆಯಾಗಿ ಚಿತ್ರೀಕರಿಸುತ್ತಿದ್ದರು. ಖರ್ಚು ಉಳಿಯುತ್ತಿತ್ತು, ಎರಡು ಮಾರುಕಟ್ಟೆ ಸಿಗುತ್ತಿತ್ತು. 1958ರ 'ಭೂಕೈಲಾಸ' ಒಳ್ಳೆಯ ಉದಾಹರಣೆ. ಕನ್ನಡದಲ್ಲಿ ರಾವಣ ರಾಜ್‌ಕುಮಾರ್, ನಾರದ ಕಲ್ಯಾಣ್‌ಕುಮಾರ್. ತೆಲುಗಿನಲ್ಲಿ ರಾವಣ ಎನ್.ಟಿ.ಆರ್., ನಾರದ ನಾಗೇಶ್ವರರಾವ್. ಎರಡನ್ನೂ ಎವಿಎಂಗೆ ನಿರ್ದೇಶಿಸಿದವರು ಕೆ. ಶಂಕರ್. 'ಜಕಣಾಚಾರಿ'ಯೂ ಹಾಗೆಯೇ, ತೆಲುಗಿನಲ್ಲಿ ನಾಗೇಶ್ವರರಾವ್ ಶಿಲ್ಪಿ.

ನಾಯಕ ಬದಲಾಗುತ್ತಿದ್ದ, ಸರೋಜಾದೇವಿ ಎರಡೂ ಕಡೆ ಇರುತ್ತಿದ್ದರು. ಭಾಷೆ ಬದಲಿಸಿ, ಎದುರಿನ ನಟನಿಗೆ ತಕ್ಕಂತೆ ತಮ್ಮ ಲಯವನ್ನೂ ಬದಲಿಸಿ, ಅದೇ ದೃಶ್ಯವನ್ನು ಮತ್ತೆ ಮಾಡಬೇಕು. 'ಪೈಗಾಮ್' ಕಥೆ ತಮಿಳಿನಲ್ಲಿ 'ಇರುಂಬು ತಿರೈ' (1960) ಆದಾಗಲೂ, ಶ್ರೀಧರ್ ಅವರ 'ಕಲ್ಯಾಣ ಪರಿಸು' (1959) ತೆಲುಗಿನಲ್ಲಿ 'ಪೆಳ್ಳಿ ಕಾನುಕ' (1960) ಆದಾಗಲೂ ಅವರು ಎರಡರಲ್ಲೂ ಇದ್ದಾರೆ.

ಗುರುತಿಸುವುದು ಹೇಗೆ ಎಂದರೆ, ಹತ್ತಿರದ ಶಾಟ್‌ನಲ್ಲಿ ತುಟಿ ನೋಡಿ. 'ಪ', 'ಬ', 'ಮ' ಬಂದಾಗ ತುಟಿ ಮುಚ್ಚಲೇಬೇಕು. ಮಾತಿನಲ್ಲಿ 'ಅಮ್ಮ' ಕೇಳಿಸಿ ತುಟಿ ತೆರೆದೇ ಇದ್ದರೆ ಡಬ್ಬಿಂಗ್. ಜೊತೆಗೆ ಹಾಸ್ಯ ನಟರನ್ನು ನೋಡಿ. ನರಸಿಂಹರಾಜು, ಬಾಲಕೃಷ್ಣ ಇದ್ದರೆ ಕನ್ನಡಕ್ಕೇ ತೆಗೆದದ್ದು.

ಮುಳಬಾಗಿಲಿನ ಸೌಂದರ್ಯ ಅವರನ್ನ ಇವರ ಜೊತೆ ಹೋಲಿಸಬಹುದಾ?

ಕಾಲ ಬೇರೆ, ದಾರಿ ಒಂದೇ. ಸೌಂದರ್ಯ ನಮ್ಮ ಜಿಲ್ಲೆಯ ಮಗಳು. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ದೊಡ್ಡ ತಾರೆಯಾದರು. ಮೈತುಂಬ ಸೀರೆ ಉಟ್ಟೇ ಗೆದ್ದರು. ಕನ್ನಡದ ಹುಡುಗಿ ಪಕ್ಕದ ಭಾಷೆಗೆ ಹೋಗಿ ಆ ಮನೆಯವಳೇ ಆಗಬಹುದು ಎನ್ನುವುದನ್ನು 1950ರ ದಶಕದಲ್ಲೇ ತೋರಿಸಿಕೊಟ್ಟವರು ಸರೋಜಾದೇವಿ. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಸೌಂದರ್ಯ ಹೋಗಿಬಿಟ್ಟರು. ಅವರಿಗೆ ಸಿಕ್ಕಿದ್ದು ಹನ್ನೆರಡು ವರ್ಷದಷ್ಟು ಕಾಲ, ಇವರಿಗೆ ಸಿಕ್ಕಿದ್ದು ಒಂದು ಪೂರ್ತಿ ಆಯಸ್ಸು. ಆ ಕಾರಣಕ್ಕೆ ನಾನು ಹೋಲಿಕೆಗೆ ಹೋಗುವುದಿಲ್ಲ.

ಯಾವುದರಿಂದ ನೋಡೋಕೆ ಶುರು ಮಾಡಲಿ?

'ಕಿತ್ತೂರು ಚೆನ್ನಮ್ಮ', 'ಅನ್ಬೇ ವಾ', 'ಜಗದೇಕವೀರುನಿ ಕಥಾ'. ಮೂರು ಭಾಷೆ, ಮೂರು ಥರ. ಒಂದೊಂದು ವಾರ ಬಿಟ್ಟು ನೋಡಿ. ಆಮೇಲೆ 'ಮಲ್ಲಮ್ಮನ ಪವಾಡ', 'ಪುದಿಯ ಪರವೈ'.

ನಮ್ಮಜ್ಜಿ ಸರೋಜಾದೇವಿ ಸಿನಿಮಾ ಒಂದನ್ನ ಯಾವಾಗಲೂ ನೆನೆಸ್ಕೊಳ್ತಾರೆ. ಹೆಸರು ಗೊತ್ತಿಲ್ಲ. ಹುಡುಕೋದು ಹೇಗೆ?

ಅಜ್ಜಿಗೆ ಕಥೆ ಕೇಳಬೇಡಿ, ಕಥೆಗಳು ಬೆರೆತುಹೋಗಿರುತ್ತವೆ. ಮೊದಲು ಎಲ್ಲಿ ನೋಡಿದ್ದು ಎಂದು ಕೇಳಿ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನೋಡಿದ್ದರೆ ತಮಿಳು ಇರಬಹುದು, ಶ್ರೀನಿವಾಸಪುರದ ಕಡೆ ಟೆಂಟಿನಲ್ಲಾದರೆ ತೆಲುಗು ಅಥವಾ ಕನ್ನಡ. ಆಮೇಲೆ ಬಣ್ಣದ್ದೋ ಕಪ್ಪು ಬಿಳುಪೋ ಎಂದು ಕೇಳಿ. ಬಣ್ಣ ಎಂದರೆ ಬಹುಪಾಲು 1964ರ ಈಚಿನದು. ನಿಮ್ಮ ಅಪ್ಪನೋ ಚಿಕ್ಕಪ್ಪನೋ ಆಗ ಕೈಕೂಸಾಗಿದ್ದರಾ ಎಂದು ಕೇಳಿದರೆ ವರ್ಷ ಇನ್ನೂ ಹತ್ತಿರ ಬರುತ್ತದೆ. ಕೊನೆಗೆ ಒಂದು ಹಾಡು ಗುನುಗಲು ಹೇಳಿ. ಮಾತು ಮರೆತರೂ ರಾಗ ಇರುತ್ತದೆ.

ಗುನುಗಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅಜ್ಜಿಯ ವಯಸ್ಸು, ನೋಡಿದ ಊರು ಬರೆದು ಕಳಿಸಿ. ಚಿತ್ರ ಯಾವುದೆಂದು ಹುಡುಕಲು ನಾನೂ ಜೊತೆಗಿರುತ್ತೇನೆ.